ಬರುವಾಗ ಎಷ್ಟು, ಹೋಗುವಾಗ ಎಷ್ಟು

“ಕತ್ತರಿ ಕೊಡಿ ಮಾವ.”

ಮಾವ ಜೇಬಿನ ಮೇಲೆ ಕೈ ಇಟ್ಟುಕೊಂಡರೇ ಹೊರತು ಕತ್ತರಿ ತೆಗೆಯಲಿಲ್ಲ. ನಲವತ್ತು ವರ್ಷ ಹೊಲಿಗೆಯಂತ್ರದ ಮುಂದೆ ಕೂತವರು. ಮದುವೆಗೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ಜೇಬಿನಲ್ಲೊಂದು ಚಿಕ್ಕ ಕತ್ತರಿ ಇದ್ದೇ ಇರುತ್ತಿತ್ತು. ಇವತ್ತು ಅಕ್ಕನ ಶವಪೆಟ್ಟಿಗೆಯ ಪಕ್ಕ ನಿಂತಾಗಲೂ ಇತ್ತು.

“ಬೇಡ ಕಣೇ. ಪಾಪ, ಹೂವಿನ ಮೇಲೆ ಯಾಕೆ ಸಿಟ್ಟು?”

“ಹೂವಿನ ಮೇಲಲ್ಲ. ರಿಬ್ಬನ್ ಮೇಲೆ.”

ಅಷ್ಟರಲ್ಲಾಗಲೇ ಅಕ್ಕನ ಮಗಳು ಗಂಟಿಗೆ ಹಲ್ಲು ಹಾಕಿಯಾಗಿತ್ತು. ಅಮ್ಮನ ಕಂಪನಿಯವರು ಕಳಿಸಿದ್ದ ಹೂಚಕ್ರ ಆಳೆತ್ತರ ಇತ್ತು. ಅದಕ್ಕೆ ಅಡ್ಡಲಾಗಿ ನೀಲಿ ಸ್ಯಾಟಿನ್ ಪಟ್ಟಿ, ಪಟ್ಟಿಯ ಮೇಲೆ ಹೊಳೆಯುವ ಅಕ್ಷರ: ‘ಸಾರ್ಥಕ ಸೇವೆ, ಸುಗಮ ವಿದಾಯ.’ ಸೇವೆ ಸಾರ್ಥಕವೇ ಇರಬಹುದು. ಆದರೆ ಎರಡನೆಯ ಮಾತನ್ನು ಬರೆದ ಕೈ ಯಾವುದೆಂದು ಅವಳಿಗೆ ಗೊತ್ತಿತ್ತು. ಆ ಕೈ ಇನ್ನು ಹತ್ತು ನಿಮಿಷದಲ್ಲಿ ಬಂದು ತನ್ನ ಕೈ ಕುಲುಕುತ್ತದೆ ಎಂಬುದೂ ಗೊತ್ತಿತ್ತು.

ಮಾವ ಜೇಬಿನಿಂದ ಕತ್ತರಿ ತೆಗೆದರು. “ತಗೋ. ಹಲ್ಲು ಮುರ್ಕೊಂಡ್ರೆ ಅದಕ್ಕೂ ನಾನೇ ಓಡಾಡ್ಬೇಕು. ಓರೆಯಾಗಿ ಕತ್ತರಿಸು, ಇಲ್ಲಾಂದ್ರೆ ಎಳೆ ಬಿಡುತ್ತೆ.”

ಅವಳು ಓರೆಯಾಗಿಯೇ ಕತ್ತರಿಸಿದಳು. ‘ಸುಗಮ ವಿದಾಯ’ ಮುದುಡಿ ಅವಳ ಡ್ಯೂಟಿ ಚೀಲಕ್ಕೆ ಹೋಯಿತು. ಬಸ್ ಡ್ರೈವರುಗಳಿಗೆ ಡಿಪೋದಿಂದ ಕೊಡುವ ಖಾಕಿ ಬಣ್ಣದ ಚೀಲ ಅದು. ಒಳಗೆ ನೀರಿನ ಬಾಟಲಿ, ಲೈಸೆನ್ಸು, ಟಾರ್ಚು, ಅವುಗಳ ನಡುವೆ ಹಸಿರು ರಟ್ಟಿನ ಒಂದು ನೋಟ್‌ಬುಕ್ಕು.

ದಹನಗೃಹದ ಹಾಲ್ ಯಾವುದೋ ಬಸ್‌ನಿಲ್ದಾಣದ ಕಾಯುವ ಕೋಣೆಯಂತಿತ್ತು. ಸಾಲಾಗಿ ಸ್ಟೀಲ್ ಕುರ್ಚಿಗಳು, ಗೋಡೆಯಲ್ಲಿ ಗಡಿಯಾರ, ಮೂಲೆಯ ಮೇಜಿನಲ್ಲಿ ರಿಜಿಸ್ಟರಿನ ಮುಂದೆ ಒಬ್ಬ ಗುಮಾಸ್ತ. ಅವರಿಗೆ ಸಿಕ್ಕಿದ್ದ ಹೊತ್ತು ಒಂದೂವರೆಯಿಂದ ಎರಡೂಕಾಲು. ಎರಡೂವರೆಗೆ ಬೇರೆಯವರು. ಅಮ್ಮ ಪೆಟ್ಟಿಗೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು, ಏನನ್ನೋ ಎಣಿಸುತ್ತ ಅರ್ಧಕ್ಕೆ ನಿಲ್ಲಿಸಿದವಳ ಹಾಗೆ. ನಿನ್ನೆ ಬೆಳಿಗ್ಗೆ ಹತ್ತು ಗಂಟೆಗೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಕೈಯಲ್ಲಿದ್ದ ಟೀ ಲೋಟ ಬೀಳದಂತೆ ತೊಡೆಯ ಮೇಲೆ ಇಟ್ಟುಕೊಂಡು ಹೋಗಿಬಿಟ್ಟಿದ್ದಳು. ಡಾಕ್ಟರು ಹೃದಯ ಎಂದರು. ಹೃದಯ ಎಂಬುದು ಜಾಗದ ಹೆಸರು, ಕಾರಣದ ಹೆಸರಲ್ಲ ಎಂದು ಮಗಳು ಒಳಗೇ ಹಲ್ಲು ಕಡಿದಿದ್ದಳು.

ವಿಭಾಗದ ಮುಖ್ಯಸ್ಥ ಬಂದ. ಮಾತಾಡುವ ಮುಂಚೆ ಕನ್ನಡಕ ತೆಗೆದು ಒರೆಸುವ ಅಭ್ಯಾಸ ಅವನಿಗೆ. ಒರೆಸಿದ.

“ಧೈರ್ಯ ತಗೋಬೇಕಮ್ಮಾ. ಇಪ್ಪತ್ತಾರು ವರ್ಷ ನಮ್ಮ ಜೊತೆ ಇದ್ರು. ನಮಗೂ ಮನೆಯವರೊಬ್ಬರು ಹೋದ ಹಾಗೇ.”

“ಹೌದಾ ಸಾರ್? ಒಂಬತ್ತು ವಾರದ ಹಿಂದೆ ವಿಚಾರಣೆ ಅಂತ ಮನೆಗೆ ಕಳ್ಸಿದ್ರಲ್ಲ, ಅದು ಯಾವ ಮನೆ?”

ಮಾವ ಕೆಮ್ಮಿದರು. ಮುಖ್ಯಸ್ಥ ಕನ್ನಡಕ ಹಾಕಿಕೊಂಡ.

“ಇವತ್ತೇ ಕೇಳೋಕೆ ಸಂಕೋಚ. ಅವರ ಹತ್ರ ಒಂದು ಹಸಿರು ನೋಟ್‌ಬುಕ್ ಇತ್ತಲ್ಲ? ಅದು ಆಫೀಸಿನ ಸ್ವತ್ತು.”

“ಅದು ನಾನು ಅಂಗಡೀಲಿ ಕೊಂಡು ತಂದಿದ್ದು.”

“ಪುಸ್ತಕ ನಿಮ್ಮದೇ ಇರ್ಲಿ. ಒಳಗಿರೋ ಕೆಲಸ ಕಂಪನೀದಲ್ವಾ? ನಾಲ್ಕು ಗಂಟೆಗೆ ಆಸ್ಪತ್ರೇಲಿ ಸಮಿತಿ ಕೂರುತ್ತೆ, ವರದಿಗೆ ಸಹಿ ಆಗುತ್ತೆ, ಎಲ್ಲಾ ಮುಗಿಯುತ್ತೆ. ನಾನು ಇಲ್ಲಿಂದ ನೆಟ್ಟಗೆ ಅಲ್ಲಿಗೇ. ಅಷ್ಟರಲ್ಲಿ ಕೊಟ್ರೆ ನಿಮಗೂ ಒಂದು ತಲೆನೋವು ಕಮ್ಮಿ.”

“ನನ್ನ ತಲೆ ನೋಯ್ತಾ ಇಲ್ಲ ಸಾರ್,” ಎಂದಳು. “ಉರೀತಾ ಇದೆ.”

ಆ ವರದಿಯಲ್ಲಿ ಏನಿದೆ ಎಂಬುದು ಹಾಲ್‌ನಲ್ಲಿ ಕೂತ ಅರ್ಧ ಜನಕ್ಕೆ ಗೊತ್ತಿತ್ತು. ಅಮ್ಮನ ಕಂಪನಿ ರಕ್ತ ಪರೀಕ್ಷೆಯ ಯಂತ್ರಗಳಿಗೆ ಪ್ರೋಗ್ರಾಂ ಬರೆದುಕೊಡುತ್ತಿತ್ತು. ಹನ್ನೊಂದು ವಾರದ ಹಿಂದೆ ಒಂದು ಬೆಳಿಗ್ಗೆ ಆಸ್ಪತ್ರೆಯ ಯಂತ್ರ ನಡುವೆ ಕೆಟ್ಟು ನಿಂತಿತು. ನಿಂತರೂ ಅರ್ಧ ಪರೀಕ್ಷೆಯಾದ ಟ್ಯೂಬುಗಳ ಮೇಲೆಲ್ಲ ‘ಪೂರ್ಣ’ ಎಂದು ಮುದ್ರೆ ಒತ್ತಿ ಕಳಿಸಿತು. ಅದರಲ್ಲೊಂದು ಟ್ಯೂಬು ಏಳು ತಿಂಗಳ ಗರ್ಭಿಣಿಯದು. ಏನೂ ತೊಂದರೆಯಿಲ್ಲ ಎಂದು ಅವಳನ್ನು ಮನೆಗೆ ಕಳಿಸಿದರು. ಅವಳು ಬದುಕಿದಳು, ಹೊಟ್ಟೆಯಲ್ಲಿದ್ದದ್ದು ಬದುಕಲಿಲ್ಲ. ವರದಿ ಹೇಳುತ್ತಿದ್ದುದು ಇಷ್ಟು: ಮುದ್ರೆ ಒತ್ತುವ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಆ ಭಾಗ ಬರೆದಾಕೆ ಕೇಳಿರಲಿಲ್ಲ. ಬರೆದಾಕೆಯ ಹೆಸರು ಅಮ್ಮನದು. ಬರೆದಾಕೆಯ ನಿರ್ಲಕ್ಷ್ಯ. ನಾಲ್ಕು ಗಂಟೆಗೆ ಸಹಿಯಾದರೆ ಆ ಮಗುವಿನ ಸಾವು ಅಮ್ಮನ ಹೆಸರಿಗೆ ಅಂಟಿಕೊಂಡು ಎಂದೆಂದಿಗೂ ಉಳಿಯುತ್ತದೆ. ಅಲ್ಲ ಎನ್ನಲು ಅಮ್ಮ ಇಲ್ಲ.

*

ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ. ಮಗಳು ಬೆಳಗಿನ ಪಾಳಿ ಮುಗಿಸಿ ಬಂದು ಸಮವಸ್ತ್ರದಲ್ಲೇ ಊಟಕ್ಕೆ ಕೂತಿದ್ದಳು. ಅಮ್ಮ ತಟ್ಟೆ ಮುಂದಿಟ್ಟುಕೊಂಡು ಗೋಡೆ ನೋಡುತ್ತಿದ್ದಳು.

“ಏನಮ್ಮಾ, ಗೋಡೆ ಏನಂತೆ?”

“ಯಂತ್ರ ತೊಳ್ಕೊಂಡೇ ಇದೆಯಂತೆ ಕಣೇ. ನಿನ್ನೆಯಿಂದ. ನಿಲ್ಲಿಸ್ತಾನೇ ಇಲ್ಲ.”

“ಸ್ವಚ್ಛತೆ ಒಳ್ಳೇದೇ ಅಲ್ವಾ?”

“ನಗಬೇಡ. ಮೂರು ಕಡೆಯಿಂದ ಫೋನು.”

ಅಮ್ಮನಿಗೆ ತನ್ನ ಕೆಲಸವನ್ನು ಕತೆ ಮಾಡದೆ ಹೇಳಲು ಬರುತ್ತಿರಲಿಲ್ಲ. ಅವಳ ಅಮ್ಮನಿಂದ ಬಂದ ಗುಣ ಅದು. ಅಜ್ಜಿಯಾದರೆ ಕಳೆದುಹೋದ ಚಮಚವನ್ನು ಹುಡುಕಲೂ ಏಳು ಸಮುದ್ರ ದಾಟಿಸುತ್ತಿದ್ದಳು.

“ಒಂದು ದೊಡ್ಡ ಮನೆ ಅನ್ಕೋ,” ಎಂದಳು ಅಮ್ಮ, ಬೆರಳಿನಿಂದ ಮೇಜಿನ ಮೇಲೆ ಗೆರೆ ಎಳೆಯುತ್ತ. “ಕೋಣೆಯೊಳಗೆ ಕೋಣೆ, ಅದರೊಳಗೆ ಇನ್ನೊಂದು ಕೋಣೆ. ಒಂದೊಂದು ಕೋಣೆಗೂ ಒಬ್ಬೊಬ್ಬ ದಾಸಿ. ಕೋಣೆ ತೆರೆದಾಗ ಹುಟ್ತಾಳೆ, ಮುಚ್ಚಿದಾಗ ಸಾಯ್ತಾಳೆ. ನಮ್ಮವರು ಅವಳನ್ನ ಆಬ್ಜೆಕ್ಟು ಅಂತಾರೆ. ಸಾಯೋ ಮುಂಚೆ ಅವಳಿಗೊಂದು ಕೊನೇ ಕೆಲಸ. ದೀಪ ಆರಿಸಿ, ಕಿಟಕಿ ಹಾಕಿ, ಬಾಗಿಲ ಮೇಲೆ ಮುದ್ರೆ ಒತ್ತಬೇಕು. ಕೋಣೆಯ ಕೆಲಸ ಆಯ್ತು ಅಂದ್ರೆ ‘ಪೂರ್ಣ’, ಆಗ್ಲಿಲ್ಲ ಅಂದ್ರೆ ‘ರದ್ದು’. ಹುಟ್ಟಿಸೋ ಭಾಗ ಬರೆಯೋಕೆ ಆಫೀಸಲ್ಲಿ ಎಲ್ಲರಿಗೂ ಇಷ್ಟ. ಈ ಸಂಸ್ಕಾರದ ಭಾಗ ನನ್ನ ಪಾಲಿಗೆ ಬಿದ್ದಿದೆ.”

“ಅದ್ರಲ್ಲೇನು ಕಷ್ಟ?”

“ತೊಂದರೆ ಆದಾಗ ಒಳಗಿನ ಕೋಣೆಯವರು ಒಂದು ಬೆಂಕಿ ಉಂಡೆ ಹೊರಕ್ಕೆ ಎಸೀತಾರೆ. ಅದೇ ಎಕ್ಸೆಪ್ಶನ್ನು. ಹೊರಗಡೆ ಯಾರಾದ್ರೂ ಹಿಡಿಯೋವರೆಗೂ ಅದು ಕೋಣೆ ಕೋಣೆ ದಾಟ್ತಾ ಬರುತ್ತೆ. ದಾಟಿದ ಕೋಣೆಗಳೆಲ್ಲ ಮುಚ್ತಾ ಹೋಗುತ್ವೆ. ಈಗ ದಾಸಿಗೆ ಗೊತ್ತಾಗ್ಬೇಕಲ್ಲ, ತಾನು ಸಾಯ್ತಿರೋದು ಕೆಲಸ ಮುಗಿದು ಸಾಯ್ತಿರೋದಾ, ಇಲ್ಲಾ ಬೆಂಕಿ ಬಂದು ಸಾಯ್ತಿರೋದಾ? ಅದಕ್ಕೆ ಅವಳು ಕೂಗಿ ಕೇಳ್ತಾಳೆ: ಮನೇಲಿ ಯಾರೂ ಹಿಡೀದೆ ಇರೋ ಬೆಂಕಿ ಇದೆಯಾ? ಇದೆ ಅಂದ್ರೆ ರದ್ದು.”

“ಸರಿಯಾಗೇ ಇದೆಯಲ್ಲ.”

“ಇಲ್ಲ ಕಣೇ. ಬೆಂಕಿ ದಾಟ್ತಾ ಇರೋವಾಗಲೇ ಸೂಜಿ ತೊಳೆಯೋಕೆ ಅಂತ ಒಬ್ಬ ಹೊಸ ದಾಸಿ ಹುಟ್ತಾಳೆ. ಚೆನ್ನಾಗೇ ತೊಳೀತಾಳೆ. ಹೋಗುವಾಗ ಕೇಳಿದ್ರೆ, ಮನೇಲಿ ಬೆಂಕಿ ಇದೆ ಅಂತ ಉತ್ತರ! ಪಾಪ, ತನ್ನ ಕೆಲಸಕ್ಕೆ ತಾನೇ ‘ರದ್ದು’ ಅಂತ ಒತ್ತಿ ಹೋಗ್ತಾಳೆ. ರದ್ದಾಯ್ತಲ್ಲ, ಇನ್ನೊಮ್ಮೆ ತೊಳಿ. ಮತ್ತೆ ರದ್ದು. ಮತ್ತೆ ತೊಳಿ.”

ಮಗಳು ಕೈ ತೊಳೆಯಲು ಎದ್ದವಳು ನಿಂತೇ ನಕ್ಕಳು. “ನಿಮ್ಮ ಆಫೀಸಿನವರಿಗೆ ನಮ್ಮ ಡಿಪೋದಷ್ಟೂ ಬುದ್ಧಿ ಇಲ್ವಲ್ಲಮ್ಮಾ! ನನ್ನ ಬಸ್ಸಿಗೆ ಆಗ್ಲೇ ನಾಲ್ಕು ತಗ್ಗು ಬಿದ್ದಿವೆ. ಪಾಳಿ ಮುಗಿದಾಗ ‘ಬಸ್ಸಲ್ಲಿ ತಗ್ಗು ಇದೆಯಾ’ ಅಂತ ಕೇಳಿದ್ರೆ ದಿನಾ ನಾನೇ ತಪ್ಪಿತಸ್ಥೆ. ಅದಕ್ಕೇ ಹತ್ತೋ ಮುಂಚೆ ಸುತ್ತ ಒಂದು ಸಲ ನಡೀತೀವಿ, ಎಣಿಸಿ ಬರ್ಕೋತೀವಿ. ಇಳಿದ ಮೇಲೆ ಇನ್ನೊಂದು ಸಲ. ಬರುವಾಗ ಎಷ್ಟು, ಹೋಗುವಾಗ ಎಷ್ಟು. ನಾಲ್ಕಕ್ಕೆ ನಾಲ್ಕೇ ಇದ್ರೆ ನನ್ನ ಕೈ ಚೊಕ್ಕ. ಐದಾದ್ರೆ ನನ್ನ ಕಾಲದ್ದು.”

ಅಮ್ಮನ ತುತ್ತು ಅರ್ಧ ದಾರಿಯಲ್ಲಿ ನಿಂತಿತು.

“ಇನ್ನೊಂದ್ಸಲ ಹೇಳು.”

“ಏನನ್ನ?”

“ಹುಟ್ಟಿದಾಗ ಎಣಿಸಿಟ್ಕೋಬೇಕು,” ಎಂದಳು ಅಮ್ಮ, ಮಗಳಿಗಲ್ಲ, ಗೋಡೆಗೆ. “ಇದೆಯಾ ಇಲ್ವಾ ಅಂತಲ್ಲ. ಎಷ್ಟು ಅಂತ. ಹುಟ್ಟಿದಾಗ ಒಂದು, ಹೋಗುವಾಗಲೂ ಒಂದು, ಅಂದ್ರೆ ಆ ಬೆಂಕಿ ನನಗಿಂತ ಮುಂಚಿನದು. ನನ್ನ ಕೆಲಸ ಪೂರ್ಣ.” ಎದ್ದು ಎಂಜಲು ಕೈಯಲ್ಲೇ ಮಗಳ ಕೆನ್ನೆ ಹಿಂಡಿದಳು. ಕೆನ್ನೆಯೆಲ್ಲ ಅನ್ನ.

ಮರುದಿನ ಮಗಳು ಹಸಿರು ನೋಟ್‌ಬುಕ್ಕು ಕೊಂಡು ತಂದಳು. ಮೊದಲ ಪುಟದಲ್ಲಿ ಡಿಪೋ ಹಾಳೆಯಂತೆ ಗೆರೆ ಎಳೆದು ಕೊಟ್ಟಳು: ಬರುವಾಗ, ಹೋಗುವಾಗ, ಸಹಿ. ತಮಾಷೆಗೆ ಕೊಟ್ಟದ್ದು. ಅಮ್ಮ ತಮಾಷೆಗೆ ತೆಗೆದುಕೊಳ್ಳಲಿಲ್ಲ. ಅಂದಿನಿಂದ ಪ್ರತಿ ಕೆಲಸ ಹಿಡಿಯುವಾಗಲೂ ಗೊತ್ತಿರುವ ದೋಷ ಎಷ್ಟೆಂದು ಬರೆದಳು, ಒಪ್ಪಿಸುವಾಗ ಎಷ್ಟೆಂದು ಬರೆದಳು, ಎದುರಿಗಿದ್ದವರಿಂದ ಸಹಿ ಹಾಕಿಸಿಕೊಂಡಳು. ಆಫೀಸಿನವರು ಅವಳಿಗೆ ‘ಎಣಿಕೆಯಮ್ಮ’ ಎಂದು ಹೆಸರಿಟ್ಟರು. ನಗುತ್ತಲೇ ಸಹಿ ಹಾಕುತ್ತಿದ್ದರು.

*

“ನೀರು ಕುಡೀತೀಯಾ?”

ಟೆಸ್ಟರಮ್ಮ ಕಾಗದದ ಲೋಟ ಹಿಡಿದು ನಿಂತಿದ್ದಳು. ಅಮ್ಮ ಬರೆದುಕೊಟ್ಟದ್ದನ್ನು ಟೆಸ್ಟ್ ಮಾಡಿ ಸರಿಯಿದೆ ಎಂದು ಸಹಿ ಹಾಕುವ ಕೆಲಸ ಅವಳದು. ಇಪ್ಪತ್ತು ವರ್ಷ ಪಕ್ಕಪಕ್ಕದ ಮೇಜು, ಒಂದೇ ಟೀ ಫ್ಲಾಸ್ಕು, ಮಳೆ ಬಂದರೆ ಒಂದೇ ಕೊಡೆ. ಒಂಬತ್ತು ವಾರದಲ್ಲಿ ಒಂದು ದಿನವೂ ಮನೆ ಕಡೆ ತಲೆ ಹಾಕಿರಲಿಲ್ಲ.

“ಬೇಡ ಆಂಟಿ.”

“ತುಂಬಾ ಸಲ ಬರೋಣ ಅನ್ಕೊಂಡೆ...”

“ದಾರಿ ಮರೆತುಹೋಯ್ತಾ? ನನ್ನ ಬಸ್ಸು ನಿಮ್ಮ ಮನೆ ಮುಂದೇನೇ ಬರುತ್ತೆ. ನಿಮ್ಮನ್ನ ಎಷ್ಟೋ ಸಲ ಸ್ಟಾಪಲ್ಲಿ ನೋಡಿದೆ. ನನ್ನ ಮುಖ ಕಂಡ ಕೂಡ್ಲೇ ಫೋನ್ ಹಿಡ್ಕೊಂಡು ಆ ಕಡೆ ತಿರುಗ್ತಿದ್ರಿ, ಮುಂದಿನ ಬಸ್ಸಿಗೆ ಕಾಯ್ತಿದ್ರಿ.”

ಟೆಸ್ಟರಮ್ಮನ ಕೈಯಲ್ಲಿ ಲೋಟ ಸ್ವಲ್ಪ ಮುದುಡಿತು, ನೀರು ಅವಳ ಚಪ್ಪಲಿಯ ಮೇಲೆ ಬಿತ್ತು.

“ನನಗಾಗಿ ಸುಮ್ನಿದ್ಲು ಕಣೇ,” ಎಂದಳು, ಪಿಸುದನಿಯಲ್ಲಿ. “ಟೆಸ್ಟ್ ಆಯ್ತು ಅಂತ ನಾನು ಸಹಿ ಹಾಕಿದ್ದೆ. ಟೆಸ್ಟ್ ಮಾಡಿರ್ಲಿಲ್ಲ. ನಮ್ಮ ಹೆಡ್ಡು, ಅದೇ ಮುಖ್ಯಸ್ಥರು, ಹಾಕಿ ಅಂದ್ರು, ಹಾಕ್ದೆ. ನಿಮ್ಮಮ್ಮ ಸಮಿತಿ ಮುಂದೆ ಬಾಯಿ ಬಿಟ್ಟಿದ್ರೆ ಮೊದಲು ನನ್ನ ಕುತ್ತಿಗೆ ಹೋಗ್ತಿತ್ತು. ನಂಗಿನ್ನು ಎರಡು ವರ್ಷ ಸರ್ವೀಸಿದೆ ಅಂತ...”

ಒಂಬತ್ತು ವಾರ ಅಮ್ಮನ ಬಾಯಿಗೆ ಬೀಗ ಹಾಕಿದ್ದು ಯಾವುದೆಂದು ಮಗಳು ತಲೆ ಚಚ್ಚಿಕೊಂಡಿದ್ದಳು. ಬೀಗದ ಕೈ ಕಾಗದದ ಲೋಟ ಹಿಡಿದುಕೊಂಡು ಎದುರಿಗೇ ನಿಂತಿತ್ತು.

“ಇದನ್ನ ನನಗ್ಯಾಕೆ ಹೇಳ್ತಿದ್ದೀರಿ? ಹೇಳಿ ಹಗುರಾಗೋಕಾ? ಹೋಗಿ, ಆ ಪೆಟ್ಟಿಗೆ ಮುಂದೆ ಹೇಳಿ.”

“ಸಣ್ಣಕೆ ಮಾತಾಡೇ,” ಎಂದರು ಮಾವ, ಅವಳ ಮೊಣಕೈ ಹಿಡಿದು. “ಜನ ನೋಡ್ತಿದಾರೆ. ಇವತ್ತೊಂದು ದಿನ ಬೇಡ. ಅಕ್ಕನ್ನ ಕಳಿಸಿಕೊಡೋಣ. ಆಮೇಲೆ ಯಾರ ಜೊತೆ ಬೇಕಾದ್ರೂ ಜಗಳ ಆಡು, ನಾನೇ ಟೀ ಮಾಡ್ಕೊಡ್ತೀನಿ.”

“ಆಮೇಲೆ ಅಂದ್ರೆ ಯಾವಾಗ ಮಾವ? ನಾಲ್ಕು ಗಂಟೆ ಮೇಲಾ?”

ಮಾವ ಕೈ ಬಿಡಲಿಲ್ಲ.

*

ಆಸ್ಪತ್ರೆಯ ಯಂತ್ರ ಕೆಡುವ ಮುಂಚಿನ ಒಂದು ಬುಧವಾರ ಅಮ್ಮ ಮಧ್ಯಾಹ್ನ ಮೂರಕ್ಕೇ ಮನೆಗೆ ಬಂದಿದ್ದಳು. ಇಪ್ಪತ್ತಾರು ವರ್ಷದಲ್ಲಿ ಮೂರಕ್ಕೆ ಬಂದವಳಲ್ಲ. ಚಪ್ಪಲಿ ಬಿಡದೆ ಕುರ್ಚಿಯಲ್ಲಿ ಕೂತಳು. ಮಗಳು ಮಧ್ಯಾಹ್ನದ ಪಾಳಿಗೆ ಹೊರಟು ಶೂ ಲೇಸು ಕಟ್ಟುತ್ತಿದ್ದಳು.

“ಇವತ್ತೊಂದು ಪ್ರಶ್ನೆ ತೆಗೆದುಹಾಕಿದೆ ಕಣೇ.”

“ಯಾವ ಪ್ರಶ್ನೆ?”

“ದಾಸಿಯ ಪ್ರಶ್ನೆ. ಎಣಿಸೋ ಹೊಸ ವಿಧಾನಕ್ಕೆ ಎರಡು ವರ್ಷದಿಂದ ಸಮಯಾನೇ ಕೊಟ್ಟಿರ್ಲಿಲ್ಲ, ಎಲ್ಲಾ ಯಂತ್ರಕ್ಕೂ ಸೇರಿಸೋಕೆ ಇನ್ನು ಮೂರು ವಾರ ಬೇಕು ಅಂದೆ. ಗುರುವಾರಕ್ಕೆ ಕೊಡ್ಬೇಕಂತೆ. ಹೆಡ್ಡು ಬಂದು ಪಕ್ಕದಲ್ಲಿ ನಿಂತ. ಹಳೇ ಪ್ರಶ್ನೇನೂ ತೆಗೀರಿ, ಹೊಸದೂ ಬೇಡ, ಎಲ್ಲಾದಕ್ಕೂ ‘ಪೂರ್ಣ’ ಅಂತ ಒತ್ತಿಬಿಡ್ಲಿ, ತೊಳೆಯೋದಾದ್ರೂ ನಿಲ್ಲುತ್ತೆ ಅಂದ. ನಿಜವಾಗ್ಲೂ ಯಂತ್ರ ಕೆಟ್ರೆ? ಅಂದೆ. ಮೇಲಿನವರು ಯಾರಾದ್ರೂ ಹಿಡೀತಾರೆ ಅಂದ.” ಅಮ್ಮ ತನ್ನ ಬೆರಳುಗಳನ್ನು ನೋಡಿಕೊಂಡಳು. “ನಾನೇ ಒತ್ತಿದೆ. ಈ ಕೈಯಲ್ಲೇ.”

“ಅಮ್ಮಾ, ಬಸ್ಸು ತಪ್ಪುತ್ತೆ ನಂಗೆ. ಬೇಡ ಅನ್ನಿಸಿದ್ರೆ ಆಗಲ್ಲ ಅನ್ನೋದಪ್ಪ. ಅಷ್ಟೇ ತಾನೇ?”

ಅಷ್ಟೇ ಹೇಳಿ ಬಾಗಿಲು ಎಳೆದುಕೊಂಡು ಹೋಗಿದ್ದಳು. ಆ ಬಾಗಿಲಿನ ಸದ್ದು ಈಗಲೂ ಅವಳ ಕಿವಿಯಲ್ಲಿ ಇತ್ತು. ಅವಳ ಸಿಟ್ಟಿನ ಒಂದು ಪಾಲು ಆ ಬಾಗಿಲಿಗೆ ಸೇರಬೇಕಾದ್ದು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮೂರು ವಾರ ಕಳೆಯುವ ಮೊದಲೇ ಆಸ್ಪತ್ರೆಯ ಆ ಬೆಳಿಗ್ಗೆ ಬಂತು. ವಿಚಾರಣೆ ಶುರುವಾದ ಮೇಲೆ, “ಯಾಕೆ ಸುಮ್ನಿದ್ದೀಯಾ, ಬಾಯಿಲ್ವಾ ನಿಂಗೆ?” ಎಂದು ಮಗಳು ಕಿರುಚಾಡಿದ್ದಳು. ಅಮ್ಮ ಕತೆಯ ಕೊನೆಯ ತುಂಡನ್ನು ಹೇಳಿದ್ದು ಆಗ.

“ಒಂದು ಬೆಂಕಿ ದಾಟ್ತಾ ಇರುವಾಗ, ಮುಚ್ತಿರೋ ಕೋಣೆಯಿಂದ ದಾಸಿ ಇನ್ನೊಂದು ಬೆಂಕಿ ಹೊರಗೆ ಎಸೀಬಾರದು ಕಣೇ. ಎಸೆದ್ರೆ ಮನೆ ಯಜಮಾನ ಯಾರ ಮಾತೂ ಕೇಳಲ್ಲ, ಇಡೀ ಮನೇನೇ ಉರುಳಿಸಿಬಿಡ್ತಾನೆ. ನಾನೀಗ ಮುಚ್ತಿರೋ ಕೋಣೆ.”

“ಅದು ನಿನ್ನ ಪ್ರೋಗ್ರಾಮಿಗೆ! ಮನುಷ್ಯರಿಗಲ್ಲ!”

ಅಮ್ಮ ಕಿಟಕಿಯಾಚೆ ನೋಡಿದಳು. “ಮಗು ಕಳ್ಕೊಂಡ ಆ ಹುಡುಗಿ ಹೇಗಿದಾಳಂತೆ? ಊಟ ಮಾಡ್ತಾಳಂತಾ?” ಎಂದು ಕೇಳಿದಳು. ಪ್ರತಿದಿನ ಕೇಳುತ್ತಿದ್ದಳು. ಉತ್ತರ ಕೊಡಬಲ್ಲವರು ಯಾರೂ ಆ ಮನೆಯಲ್ಲಿರಲಿಲ್ಲ.

*

ಎರಡು ಗಂಟೆಗೆ ಹತ್ತು ನಿಮಿಷವಿದ್ದಾಗ ಮುಖ್ಯಸ್ಥ ಎದ್ದು ಪೆಟ್ಟಿಗೆಯ ತಲೆಯ ಕಡೆ ನಿಂತ. ಕನ್ನಡಕ ಒರೆಸಿದ.

“ಎಲ್ಲರೂ ಇವರನ್ನ ಪ್ರೀತಿಯಿಂದ ಎಣಿಕೆಯಮ್ಮ ಅಂತಿದ್ವಿ. ಇಪ್ಪತ್ತಾರು ವರ್ಷ ಒಂದು ದಿನ ತಡವಾಗಿ ಬಂದವರಲ್ಲ. ಕೊನೆಗಾಲದಲ್ಲಿ ಒಂದು ತಪ್ಪಾಯ್ತು, ನಿಜ. ವಯಸ್ಸು, ಮರೆವು, ಯಾರಿಗಾದ್ರೂ ಆಗೋದೇ. ಕಂಪನಿ ಅದನ್ನ ಮನಸ್ಸಲ್ಲಿ ಇಟ್ಕೊಂಡಿಲ್ಲ. ನಾವು ಕ್ಷಮಿಸಿದ್ದೀವಿ ಅಂತ ಇವತ್ತು ಅವರ ಮುಂದೆ ಹೇಳೋಕೆ...”

“ಸಾರ್.”

ಮಗಳು ಎದ್ದಿದ್ದಳು. ಮಾವನ ಕೈ ಅವಳ ತೋಳಿನ ಮೇಲಿತ್ತು. ಅವಳು ತೋಳನ್ನು ನೋಡಿದಳು, ಆಮೇಲೆ ಮಾವನ ಮುಖ ನೋಡಿದಳು. ‘ಕ್ಷಮಿಸಿದ್ದೀವಿ’ ಎಂಬ ಮಾತು ಅವರಿಗೂ ತಾಗಿತ್ತು. ಅವರು ಕೈ ತೆಗೆದರು.

“ಕೇಳ್ಲಿ ಬಿಡಿ,” ಎಂದರು ಮಾವ, ಯಾರಿಗೆಂದಿಲ್ಲದೆ. “ನಮ್ಮಕ್ಕನಿಗೆ ಕೇಳೋಕಾಗ್ಲಿಲ್ಲ.”

ಮಗಳು ಖಾಕಿ ಚೀಲದಿಂದ ಹಸಿರು ನೋಟ್‌ಬುಕ್ಕು ತೆಗೆದಳು. ಅಮ್ಮನ ಕಂಪ್ಯೂಟರ್ ಭಾಷೆ ಅವಳಿಗೆ ಒಂದಕ್ಷರ ಬರುತ್ತಿರಲಿಲ್ಲ. ಆದರೆ ಗೆರೆ ಎಳೆದವಳು ಅವಳೇ, ಆ ಗೆರೆಗಳ ನಡುವೆ ಇದ್ದದ್ದನ್ನು ಡಿಪೋದ ಯಾವ ಡ್ರೈವರಾದರೂ ಓದಬಹುದಿತ್ತು. ಕಿರುಚಲಿಲ್ಲ. ಸ್ಟಾಪಿನ ಹೆಸರು ಕೂಗುವ ದನಿಯಲ್ಲಿ ಓದಿದಳು.

“ಬುಧವಾರ. ಕೆಲಸ: ಮುದ್ರೆಯ ಮುಂಚಿನ ಪ್ರಶ್ನೆ ತೆಗೆಯುವುದು. ಹೇಳಿದವರು: ವಿಭಾಗದ ಮುಖ್ಯಸ್ಥರು. ಬರುವಾಗ ಗೊತ್ತಿದ್ದ ದೋಷ: ಒಂದು. ಯಂತ್ರ ತೊಳೆಯುತ್ತಲೇ ಇರುತ್ತದೆ. ಹೋಗುವಾಗ: ಒಂದು. ಆದರೆ ಅದೇ ಒಂದಲ್ಲ. ಹಳೆಯದು ಹೋಯಿತು, ಹೊಸದು ಬಂತು. ಯಂತ್ರ ನಡುವೆ ನಿಂತರೂ ‘ಪೂರ್ಣ’ ಎಂದು ಹೋಗುತ್ತದೆ. ರೋಗಿಗೆ ಅಪಾಯ.” ಪುಟವನ್ನು ಅವನ ಕಡೆ ತಿರುಗಿಸಿದಳು. “ಕೆಳಗೆ ಎರಡು ಸಹಿ. ಒಂದು ನಮ್ಮಮ್ಮಂದು. ಇನ್ನೊಂದು ಯಾರದ್ದು ಸಾರ್?”

ಹಾಲ್‌ನಲ್ಲಿ ಕುರ್ಚಿಯೊಂದು ಕಿರುಗುಟ್ಟಿತು.

“ನಾನು ದಿನಕ್ಕೆ ನೂರು ಸಹಿ ಹಾಕ್ತೀನಮ್ಮಾ,” ಎಂದ ಮುಖ್ಯಸ್ಥ. “ಅವರ ಪುಸ್ತಕ ಎಲ್ರಿಗೂ ಒಂದು ತಮಾಷೆ ಆಗಿತ್ತು. ಯಾರು ಓದ್ತಿದ್ರು?”

“ಓದಿ ಹಾಕಿದ್ರಾ, ಓದದೇ ಹಾಕಿದ್ರಾ? ಎರಡ್ರಲ್ಲಿ ಯಾವುದನ್ನ ನಾವು ಕ್ಷಮಿಸ್ಬೇಕು?”

ಅವನ ಕೈ ಕನ್ನಡಕದ ಕಡೆ ಹೋಯಿತು. ನಡುದಾರಿಯಲ್ಲೇ ತಿರುಗಿ, ಮೂರನೆಯ ಸಾಲಿನ ಕಡೆ ಬೆರಳು ಮಾಡಿತು. “ಟೆಸ್ಟ್ ಆಗಿತ್ತು. ಟೆಸ್ಟ್ ಆಗಿ ಸರಿ ಇದೆ ಅಂತ ಸಹಿ ಬಿದ್ದ ಮೇಲೇ ಕಳಿಸಿದ್ದು. ಬೇಕಾದ್ರೆ ಅವರನ್ನೇ ಕೇಳಿ.”

ಎಲ್ಲರೂ ತಿರುಗಿದರು. ಟೆಸ್ಟರಮ್ಮ ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಳು. ಅಮ್ಮ ಒಂಬತ್ತು ವಾರ ಯಾರನ್ನು ಮುಚ್ಚಿಟ್ಟಳೋ ಅವಳನ್ನು ಇವನು ಒಂದು ಬೆರಳಿನಲ್ಲಿ ಎಳೆದು ಹೊರಗೆ ಹಾಕಿದ್ದ. ಮಗಳಿಗೆ ಒಂದು ಕ್ಷಣ ನಗು ಬಂತು, ಕಹಿಯಾದ ನಗು. ನೋಡಮ್ಮಾ, ಎಂದುಕೊಂಡಳು. ನೀನು ಸುಮ್ಮನಿದ್ದು ಉಳಿಸಿದ ಮನೆ ಇದೇ.

“ಆಗಿರ್ಲಿಲ್ಲ,” ಎಂದಳು ಟೆಸ್ಟರಮ್ಮ.

“ಏನಂದ್ರಿ?”

“ಟೆಸ್ಟ್ ಆಗಿರ್ಲಿಲ್ಲ ಸಾರ್. ಗುರುವಾರ ಬೆಳಿಗ್ಗೆ ಹಾಳೆ ತಂದು ನನ್ನ ಮೇಜಿನ ಮೇಲೆ ಇಟ್ರಿ. ಆಮೇಲೆ ಮಾಡ್ಕೊಳ್ಳಿ, ಈಗ ಹಾಕಿ ಅಂದ್ರಿ. ನಿಮ್ಮ ಪೆನ್ನಲ್ಲೇ ಹಾಕ್ದೆ.”

ಗುಮಾಸ್ತ ಮೂಲೆಯಿಂದ ಎದ್ದು ಬಂದು ಗಂಟಲು ಸರಿಮಾಡಿಕೊಂಡ. “ಹೊತ್ತಾಯ್ತು. ಎರಡೂವರೆಯವರು ಹೊರಗೆ ಬಂದಿದಾರೆ.”

ಪೆಟ್ಟಿಗೆ ಗಾಲಿಗಳ ಮೇಲೆ ಸದ್ದಿಲ್ಲದೆ ಸರಿಯಿತು. ಕಬ್ಬಿಣದ ಬಾಗಿಲು ಮೇಲೆದ್ದು, ಪೆಟ್ಟಿಗೆಯನ್ನು ಒಳಗೆ ತೆಗೆದುಕೊಂಡು, ಇಳಿಯಿತು. ಮಗಳು ಅಳಲಿಲ್ಲ. ಮಾವ ಅತ್ತರು, ಜೇಬಿನ ಕತ್ತರಿಯನ್ನು ಗಟ್ಟಿಯಾಗಿ ಹಿಡಿದುಕೊಂಡು.

*

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಮುಖ್ಯಸ್ಥ ಕಾರಿನ ಬಾಗಿಲು ತೆರೆದು ಟೆಸ್ಟರಮ್ಮನ ಕಡೆ ತಿರುಗಿದ.

“ಬನ್ನಿ, ಮನೆಗೆ ಬಿಟ್ಟು ಹೋಗ್ತೀನಿ. ದುಃಖದಲ್ಲಿ ಎಲ್ಲರೂ ಏನೇನೋ ಮಾತಾಡ್ತಾರೆ. ಇಲ್ಲಿ ಹೇಳಿದ್ದು ಇಲ್ಲಿಗೇ ಇರ್ಲಿ.”

ಟೆಸ್ಟರಮ್ಮ ಕಾರನ್ನು ನೋಡಿದಳು. “ನಾನು ಬಸ್ಸಲ್ಲಿ ಹೋಗ್ತೀನಿ ಸಾರ್.”

ಕಾರು ಹೋಯಿತು. ಮೂರು ಗಂಟೆ ಆಗುತ್ತಿತ್ತು. ಮೂವರೂ ಸ್ಟಾಪಿನಲ್ಲಿ ನಿಂತರು. ಮಾವ ಬೆಂಚಿನ ಮೇಲೆ ಕೂತರು. ಟೆಸ್ಟರಮ್ಮ ಮಗಳ ಪಕ್ಕಕ್ಕೆ ಸರಿದಳು.

“ನನ್ನ ಮೇಲೆ ಸಿಟ್ಟಾ?”

“ಹೂಂ.”

“ಹೋಗುತ್ತಾ?”

“ಗೊತ್ತಿಲ್ಲ.” ಮಗಳು ರಸ್ತೆಯನ್ನೇ ನೋಡುತ್ತಿದ್ದಳು. “ಒಳಗೆ ಹೇಳಿದ್ರಿ. ಅಲ್ಲಿ ಮಾವ ಇದ್ರು, ನಾನಿದ್ದೆ, ಅಮ್ಮನ ಹೆಣ ಇತ್ತು. ಸಮಿತಿ ಇರ್ಲಿಲ್ಲ.”

“ಅಲ್ಲಿ ಹೇಳಿದ್ರೆ ನಾಳೆ ನನಗೆ ಕೆಲಸ ಇರಲ್ಲ ಕಣೇ.”

“ಇರಲ್ಲ.”

ಮಗಳು ಸಮಾಧಾನ ಮಾಡಲಿಲ್ಲ. ಚೀಲದಿಂದ ನೋಟ್‌ಬುಕ್ಕು ತೆಗೆದು ಟೆಸ್ಟರಮ್ಮನ ಕೈಗೆ ತುರುಕಿದಳು.

“ಏಯ್, ಅದನ್ನ ಯಾಕೆ ಕೊಡ್ತೀಯಾ?” ಮಾವ ಬೆಂಚಿನಿಂದ ಎದ್ದೇಬಿಟ್ಟರು. “ಇರೋದು ಅದೊಂದೇ ಅಲ್ವೇನೇ?”

“ನಾನು ಓದಿದ್ರೆ ಮಗಳ ಸಂಕಟ ಅಂತಾರೆ ಮಾವ, ಒಂದು ಲೋಟ ನೀರು ಕೊಟ್ಟು ಕಳಿಸ್ತಾರೆ. ಇವರು ಓದಿದ್ರೆ ಸಾಕ್ಷಿ.” ಟೆಸ್ಟರಮ್ಮನ ಕಡೆ ತಿರುಗಿದಳು. “ಈಗ ಬರೋ ಬಸ್ಸು ಮಾರ್ಕೆಟ್ಟಲ್ಲಿ ನಿಲ್ಲುತ್ತೆ, ಅಲ್ಲೇ ನಿಮ್ಮ ಮನೆ. ಅಲ್ಲಿಂದ ಮೂರನೇ ಸ್ಟಾಪು ಆಸ್ಪತ್ರೆ. ನಾನು ನಿಮ್ಮ ಪಕ್ಕ ಕೂರಲ್ಲ, ಒಂದು ಮಾತೂ ಆಡಲ್ಲ. ಮಾರ್ಕೆಟ್ಟಲ್ಲಿ ಇಳಿಯೋದಾದ್ರೆ ಪುಸ್ತಕ ಸೀಟಿನ ಮೇಲೆ ಇಟ್ಟು ಇಳೀರಿ. ನಾನೊಬ್ಬಳೇ ಹೋಗ್ತೀನಿ, ನೀರಾದ್ರೂ ಕುಡ್ಕೊಂಡು ಬರ್ತೀನಿ.”

ಬಸ್ಸು ಬಂತು. ಅವಳ ಡಿಪೋದ್ದೇ. ಸ್ಟೀರಿಂಗ್ ಹಿಂದೆ ಕೂತಿದ್ದ ಡ್ರೈವರಮ್ಮ ಸುದ್ದಿ ಕೇಳಿದ್ದಳು, ತಲೆಯಾಡಿಸಿದಳು. ಮಗಳು ಹತ್ತುವ ಮುಂಚೆ, ತನ್ನ ಪಾಳಿಯಲ್ಲದಿದ್ದರೂ, ಬಸ್ಸಿನ ಬದಿಯುದ್ದಕ್ಕೂ ಕೈಯಾಡಿಸಿದಳು. ಬಾಗಿಲ ಕೆಳಗೊಂದು ತಗ್ಗು. ಹಿಂದಿನ ಚಕ್ರದ ಮೇಲೊಂದು.

ಟೆಸ್ಟರಮ್ಮ ನಡುವಿನ ಸೀಟಿನಲ್ಲಿ ಕೂತಳು. ಮಾವ ಅವಳಿಂದ ಎರಡು ಸಾಲು ಹಿಂದೆ. ಮಗಳು ಡ್ರೈವರಿನ ಪಕ್ಕದ ಕಂಬ ಹಿಡಿದು ಮುಂದೆ ಮುಖ ಮಾಡಿ ನಿಂತಳು. ನೆತ್ತಿಯ ಮೇಲಿನ ಅಗಲ ಕನ್ನಡಿಯಲ್ಲಿ ಇಡೀ ಬಸ್ಸು ಕಾಣುತ್ತಿತ್ತು. ತೊಡೆಯ ಮೇಲೆ ಹಸಿರು ರಟ್ಟು, ಅದರ ಮೇಲೆ ಎರಡು ಕೈ, ತುಂಬಿದ ಟ್ಯೂಬು ಚೆಲ್ಲದಂತೆ ಹಿಡಿದವರ ಹಾಗೆ.

ಮಾರ್ಕೆಟ್. ಬಾಗಿಲು ತೆರೆಯಿತು. ಚೀಲ ಹೊತ್ತವರು ಇಳಿದರು, ಬುಟ್ಟಿ ಹೊತ್ತವರು ಹತ್ತಿದರು. ಕನ್ನಡಿಯಲ್ಲಿ ಟೆಸ್ಟರಮ್ಮ ಅರ್ಧ ಎದ್ದಳು. ಮುಂದಿನ ಸೀಟಿನ ಹಿಡಿಕೆ ಹಿಡಿದಳು. ಡ್ರೈವರಮ್ಮ ಬಾಗಿಲು ಮುಚ್ಚಲು ಒಂದು ಗಳಿಗೆ ತಡ ಮಾಡಿದಳು. ಬುಟ್ಟಿಯವಳೊಬ್ಬಳು, “ಇಳೀತೀರೋ ಕೂರ್ತೀರೋ, ದಾರಿ ಬಿಡ್ರಮ್ಮಾ!” ಎಂದು ಗದರಿದಳು. ಬಾಗಿಲು ಮುಚ್ಚಿತು. ಬುಟ್ಟಿ, ತಲೆ, ಭುಜಗಳ ನಡುವೆ ಕನ್ನಡಿಯಲ್ಲಿ ಏನೂ ಕಾಣಲಿಲ್ಲ.

ಒಂದು ಸ್ಟಾಪು. ಎರಡು. ಮಗಳು ಹಿಂದಿರುಗಿ ನೋಡಲಿಲ್ಲ.

ಆಸ್ಪತ್ರೆಯ ಉದ್ದ ಗೋಡೆ ಎಡಕ್ಕೆ ಶುರುವಾಯಿತು. ಹಿಂದೆ, ನಡುವಿನ ಸೀಟಿನ ಕಡೆಯಿಂದ, ಇಳಿಯುವವರು ಒತ್ತುವ ಗಂಟೆ ಟಿಣ್ ಎಂದಿತು, ಒಮ್ಮೆ. ಮತ್ತೆ ಒಮ್ಮೆ, ಮೊದಲಿಗಿಂತ ಗಟ್ಟಿಯಾಗಿ. ಡ್ರೈವರಿನ ತಲೆಯ ಮೇಲಿನ ಚಿಕ್ಕ ಕೆಂಪು ದೀಪ ಹತ್ತಿಕೊಂಡಿತು.